ಹಿರೀಸಾವೆಯಲ್ಲಿ ನನ್ನ ಮಗಳು ಆಡಿದ ಎರಡು ಮಾತು

ಹೆಸರು: ತಿಮ್ಮಪ್ಪ ಬಿನ್ ಲೇಟ್ ಚನ್ನಪ್ಪ
ವಯಸ್ಸು: 61 ವರ್ಷ
ಉದ್ಯೋಗ: ನಿವೃತ್ತ ಪ್ರೌಢಶಾಲಾ ಕನ್ನಡ ಪಂಡಿತ, ಈಗ ವ್ಯವಸಾಯ
ವಾಸ: ಕೋಟೆ ಬೀದಿ, ಹೊಳೆನರಸೀಪುರ ಟೌನ್, ಹಾಸನ ಜಿಲ್ಲೆ

ಠಾಣಾಧಿಕಾರಿಗಳ ಅನುಮತಿ ಪಡೆದು, ನನ್ನ ಕೈಯಾರೆ ಬರೆದು ಅರಿಕೆ ಮಾಡಿಕೊಳ್ಳುವುದೇನೆಂದರೆ:

ನಾನು ಮೇಲ್ಕಂಡ ವಿಳಾಸದಲ್ಲಿ ಪತ್ನಿ ನಾಗಲಕ್ಷ್ಮಿ ಹಾಗೂ ಎಂಟು ವರ್ಷದ ಮಗಳು ಸಿಂಧುವಿನೊಡನೆ ವಾಸವಾಗಿರುತ್ತೇನೆ. ನಮಗೆ ಬಹುಕಾಲ ಸಂತಾನವಿರಲಿಲ್ಲ. ಶ್ರೀ ಲಕ್ಷ್ಮೀನರಸಿಂಹಸ್ವಾಮಿಯ ಕೃಪೆಯಿಂದ ನನ್ನ ಐವತ್ತಮೂರನೆಯ ವಯಸ್ಸಿನಲ್ಲಿ ಈ ಮಗು ಜನಿಸಿತು. ಮಗುವಿಗೆ ಆಟಿಸಂ ಇದೆಯೆಂದೂ, ಅದು ವಾಸಿ ಮಾಡತಕ್ಕ ರೋಗವಲ್ಲ, ಲೋಕವನ್ನು ಗ್ರಹಿಸುವ ಕ್ರಮವೇ ಬೇರೆಯೆಂದೂ ವೈದ್ಯರು ತಿಳಿಸಿರುತ್ತಾರೆ. ಸಿಂಧು ತನ್ನ ಕಿವಿಗೆ ಬಿದ್ದ ಮಾತಿನ ಕೊನೆಯ ಪದವನ್ನು, ಆಡಿದವರ ರಾಗದಲ್ಲಿಯೇ, ಹಿಂದಿರುಗಿಸುತ್ತಾಳೆ. ಬಸ್ಸಿನ ಕಂಡಕ್ಟರು ಕೂಗುವ “ರೈಟ್ ರೈಟ್” ನಮ್ಮ ಮನೆಯಲ್ಲಿ ದಿನವಿಡೀ ಕೇಳಿಬರುತ್ತದೆ. ಆದರೆ ಇಂಥದ್ದನ್ನು ಹೇಳಲಿ ಎಂದು ಎದುರಿಗಿರುವವರು ಕಾದು ಕುಳಿತರೆ ಮೌನವಾಗುತ್ತಾಳೆ. ನಾನೂ ನನ್ನ ಪತ್ನಿಯೂ ಸದಾ ಕಾಯುವವರಾದ್ದರಿಂದ, ಅಪ್ಪ, ಅಮ್ಮ ಎಂಬ ಮಾತುಗಳು ನಮಗೆ ಈವರೆಗೆ ದೊರೆತಿರಲಿಲ್ಲ.

ಪ್ರತಿ ಗುರುವಾರ ಮಾತಿನ ತರಬೇತಿಗೆಂದು ಅವಳನ್ನು ಬಸ್ಸಿನಲ್ಲಿ ಚನ್ನರಾಯಪಟ್ಟಣಕ್ಕೆ ಕರೆದೊಯ್ಯುತ್ತೇನೆ. ಈ ದಿನ ಭಾನುವಾರ, ಹಿರೀಸಾವೆಯಲ್ಲಿರುವ ನನ್ನ ತಂಗಿಯ ಮೊಮ್ಮಗುವಿನ ನಾಮಕರಣಕ್ಕೆ ಅವಳೊಂದಿಗೆ ಬೆಳಿಗ್ಗೆ 8-15ರ ಬೆಂಗಳೂರು ಬಸ್ಸು ಹತ್ತಿದೆನು. ಹಸು ಕರು ಹಾಕುವ ಸಮಯವಾದ್ದರಿಂದ ಪತ್ನಿಯು ಮನೆಯಲ್ಲಿ ಉಳಿದಳು. ದಾರಿ ಬದಲಾಗುವ ದಿನ ಮಗುವಿಗೆ ಮೊದಲೇ ಚಿತ್ರ ತೋರಿಸಬೇಕೆಂದು ತರಬೇತಿಯ ಶಿಕ್ಷಕಿ ಹೇಳಿರುವುದರಿಂದ, ತೊಟ್ಟಿಲಿನ ಚಿತ್ರವನ್ನು ಬರೆದು ತೋರಿಸಿದ್ದೆನು.

ಸುಮಾರು 9-20ಕ್ಕೆ ಬಸ್ಸು ಚನ್ನರಾಯಪಟ್ಟಣದ ನಿಲ್ದಾಣದಲ್ಲಿ ನಿಂತಿತು. ಸಿಂಧು ವಾಡಿಕೆಯಂತೆ ಇಳಿಯಲು ಎದ್ದಳು. ಇಳಿಸದೆ ಬಸ್ಸು ಹೊರಟೊಡನೆ ಚೀರುತ್ತ ಬಾಗಿಲ ಕಡೆ ಧಾವಿಸಿದಳು. ನಾನು ಅವಳನ್ನು ಹಿಡಿದು, ಎದೆಗೆ ಬಿಗಿಯಾಗಿ ಅವುಚಿಕೊಂಡು, ಅಂಗೈಗಳಿಂದ ಅವಳ ಕಿವಿಗಳನ್ನು ಮುಚ್ಚಿದೆನು. ಹೀಗೆ ಮಾಡಿದರೆ ಅವಳಿಗೆ ನೆಮ್ಮದಿಯಾಗುತ್ತದೆ. ಹಿಂದಿನ ಸೀಟಿನವರಿಗೆ ನಾನು ಬಾಯಿ ಮುಚ್ಚಿದಂತೆ ಕಂಡಿರಬಹುದು.

ಹಿರೀಸಾವೆಯಲ್ಲಿ ನಾವು ಇಳಿದಾಗ ಸಹಪ್ರಯಾಣಿಕರಾದ ಚಿಕ್ಕಲಕ್ಷ್ಮಮ್ಮ ಹಾಗೂ ಕೆಂಚಯ್ಯ ಎಂಬುವರೂ ಇಳಿದರು. ಚಿಕ್ಕಲಕ್ಷ್ಮಮ್ಮನವರು, “ಯಾರಜ್ಜ ಈ ಮಗ? ಯಾಕಂಗೆ ಕಿರುಚ್ತಾಳೆ?” ಎಂದು ಕೇಳಿದರು. ನನ್ನ ಮಗಳೆಂದೆನು. ಅದಕ್ಕೆ ಕೆಂಚಯ್ಯನವರು, “ಮೊಮ್ಮಗ್ಳು ಅಂದಿದ್ರೆ ನಂಬಬೋದಿತ್ತು. ಈ ಬಿಳಿ ಗಡ್ಡಕ್ಕೆ ಎಂಟು ವರ್ಸದ ಮಗ್ಳಾ? ಸುಳ್ಳಾದ್ರೂ ನೆಟ್ಟಗೆ ಯೋಳಪ್ಪ” ಎಂದರು. ಗಾಬರಿಯಲ್ಲಿ ನನಗೆ ತರಗತಿಯ ಭಾಷೆಯೇ ಬಾಯಿಗೆ ಬಂದು, “ಮಹನೀಯರೇ, ಇವಳು ನನ್ನ ಔರಸ ಪುತ್ರಿ” ಎಂದುಬಿಟ್ಟೆನು. “ನಾಟ್ಕದ್ ಮಾತಾಡ್ತಾನೆ ಕಣ್ಲಾ, ಬುಡಬ್ಯಾಡಿ ಇವನ್ನ” ಎಂದು ಅಷ್ಟರಲ್ಲಿ ನೆರೆದಿದ್ದ ಗುಂಪಿನಲ್ಲಿ ಯಾರೋ ಕೂಗಿದರು. ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುದ್ದಿ ವಾರದಿಂದ ಮೊಬೈಲುಗಳಲ್ಲಿ ಹರಿದಾಡುತ್ತಿತ್ತೆಂದು ಆಮೇಲೆ ತಿಳಿಯಿತು.

ಆಗ ಚಿಕ್ಕಲಕ್ಷ್ಮಮ್ಮನವರು ಮಗುವಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು, “ಎದ್ರುಕೋಬ್ಯಾಡ ಕಣವ್ವ. ಇವ್ನು ನಿಮ್ಮಪ್ಪನಾ, ಕಳ್ಳನಾ?” ಎಂದು ಕೇಳಿದರು. ಸಿಂಧು ಆಕಾಶ ನೋಡುತ್ತ, “ಕಳ್ಳನಾ” ಎಂದಳು. “ನೋಡ್ರಲಾ, ಮಗೀನೇ ಯೋಳ್ತು!” ಎಂದು ಕೆಂಚಯ್ಯನವರು ನನ್ನ ಕೆನ್ನೆಗೆ ಹೊಡೆದರು. ಮಗುವನ್ನು ನನ್ನ ಕೈಯಿಂದ ಬಿಡಿಸಿಕೊಂಡರು. ಪೆಟ್ಟಿನ ನೋವು ನನಗೆ ಆ ಕ್ಷಣದಲ್ಲಿ ತಿಳಿಯಲಿಲ್ಲ. ಹೊಸಬರು ಮುಟ್ಟಿದರೆ ಸಹಿಸದ ಅವಳು ನೆಲಕ್ಕೆ ಬಿದ್ದು ಹೊರಳಾಡಿದ್ದನ್ನು ಮಾತ್ರ ಕಂಡೆನು.

10-10ಕ್ಕೆ ನಮ್ಮನ್ನು ಠಾಣೆಗೆ ಕರೆತಂದರು. ಮಹಿಳಾ ಕಾನ್‌ಸ್ಟೇಬಲ್ ರೂಪಶ್ರೀ ಅವರು ವೈರ್‌ಲೆಸ್ಸಿನ ಸದ್ದು ತಗ್ಗಿಸಿ, ಯಾರೂ ಮುಟ್ಟದಂತೆ ಮಗುವನ್ನು ಒಳಕೋಣೆಯಲ್ಲಿ ಕೂರಿಸಿದರು. ಊರಿನಲ್ಲಿರುವ ನನ್ನ ತಂಗಿಯ ಮನೆಯವರ ಮಾತು ಸಾಲದೆಂದೂ, ತಾಯಿಯು ಜನನ ಪ್ರಮಾಣಪತ್ರದೊಂದಿಗೆ ಬರುವವರೆಗೆ ಮಗುವನ್ನು ನನ್ನ ವಶಕ್ಕೆ ಕೊಡಲಾಗದೆಂದೂ ಠಾಣಾಧಿಕಾರಿಗಳು ತಿಳಿಸಿದರು. ಪತ್ನಿಗೆ ಫೋನ್ ಮಾಡಲಾಗಿ, “ಅವ್ಳು ಏನಾದ್ರೂ ತಿಂದ್ಲಾ?” ಎಂದಷ್ಟೇ ಕೇಳಿ ಹೊರಟಿರುತ್ತಾಳೆ.

ಅರ್ಧ ಗಂಟೆಯ ತರುವಾಯ ರೂಪಶ್ರೀ ಅವರು ಮಗುವನ್ನು ಬಾಗಿಲ ಬಳಿಗೆ ಕರೆತಂದರು. ಅಷ್ಟರಲ್ಲಿ ಅವರಿಗೆ ಅವಳ ರೀತಿ ತಿಳಿದಿರಬೇಕು. ನನ್ನ ಕಡೆ ಕೈ ತೋರಿ, “ಇವ್ರು ಕಳ್ಳನಾ ಪುಟ್ಟಿ, ಅಪ್ಪನಾ?” ಎಂದು ಕೇಳಿದರು. ಸಿಂಧು, “ಅಪ್ಪನಾ” ಎಂದಳು.

ಠಾಣೆಯಲ್ಲಿದ್ದವರೆಲ್ಲರೂ ಅದನ್ನು ಕೇಳಿರುತ್ತಾರೆ. ಕೆಂಚಯ್ಯನವರು, “ಅಯ್ಯೋ, ಅಪ್ಪನೇಯ ಸಾ! ತೆಪ್ಪಾಗೋಯ್ತು ಮೇಷ್ಟ್ರೇ” ಎಂದು ಕೈಮುಗಿದರು. ಇದನ್ನು ಮಗುವಿನ ಗುರುತಿಸುವಿಕೆಯೆಂದು ಬರೆದುಕೊಂಡು ಕೂಡಲೇ ನನ್ನ ವಶಕ್ಕೆ ಕೊಡಬಹುದೆಂದು ಮುಖ್ಯಪೇದೆಯವರು ಹೇಳಿದರು. ನಾನು ಹಾಗೆ ಬರೆಯಕೂಡದೆಂದು ಬೇಡಿಕೊಂಡೆನು. ಕಾರಣವನ್ನು ಈ ಕೆಳಗೆ ನಿವೇದಿಸುತ್ತೇನೆ.

ಬಸ್ ನಿಲ್ದಾಣದ “ಕಳ್ಳನಾ” ಎಂಬುದೂ ಠಾಣೆಯ “ಅಪ್ಪನಾ” ಎಂಬುದೂ ಒಂದೇ ಬಗೆಯ ಮಾತುಗಳು. ಒಂದು ಸಾಕ್ಷ್ಯವಾದರೆ ಇನ್ನೊಂದೂ ಸಾಕ್ಷ್ಯವೇ. ನಾಳೆ ನಾನಿಲ್ಲದ ಕಾಲದಲ್ಲಿ, ದುರುದ್ದೇಶವುಳ್ಳವನೊಬ್ಬನು “ನನ್ ಜೊತೆ ಬರ್ತೀಯಾ?” ಎಂದರೆ ಇವಳು “ಬರ್ತೀಯಾ” ಎನ್ನುವಳು. ಅದನ್ನು ಒಪ್ಪಿಗೆಯೆಂದು ಯಾರೂ ಬರೆದುಕೊಳ್ಳಬಾರದು. ನನಗೆ ಅನುಕೂಲವಾಯಿತೆಂದು ಈ ದಿನ ನಾನೇ ಆ ದಾರಿಯನ್ನು ತೆರೆದುಕೊಡಲಾರೆನು. ಆದುದರಿಂದ ಅವಳ ಎರಡು ಮಾತುಗಳನ್ನೂ ಸಾಕ್ಷ್ಯವಾಗಿ ಪರಿಗಣಿಸಬಾರದಾಗಿ ಕೋರುತ್ತೇನೆ. ತಾಯಿಯು ದಾಖಲೆ ತರುವವರೆಗೆ ನಾನು ಹೊರಗಿನ ಬೆಂಚಿನಲ್ಲಿ ಕಾಯಲು ಸಿದ್ಧನಿರುತ್ತೇನೆ. ಪರರ ಮಗುವಿಗಾಗಿ ಬಸ್ಸಿಳಿದು ಬಂದ ಕೆಂಚಯ್ಯನವರ ಮೇಲೂ ಚಿಕ್ಕಲಕ್ಷ್ಮಮ್ಮನವರ ಮೇಲೂ ನನ್ನ ದೂರು ಇರುವುದಿಲ್ಲ.

ಕಡೆಯದಾಗಿ ಒಂದು ವಿಜ್ಞಾಪನೆ. ನನ್ನ ಪತ್ನಿ ಬಂದು ಸೇರಿದ ಬಳಿಕ, ನಾವು ಊರಿಗೆ ಹೊರಡುವ ಮುನ್ನ, ಸಾಧ್ಯವಾದರೆ ರೂಪಶ್ರೀ ಅವರು ಪತ್ನಿಯ ಎದುರಿನಲ್ಲಿ ಮಗುವಿಗೆ ಆ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಬೇಕು. ಕೊನೆಯಲ್ಲಿ “ಅಪ್ಪನಾ” ಎಂಬಲ್ಲಿ “ಅಮ್ಮನಾ” ಎಂದರೆ ಸಾಕು. ನಾವು ಕೇಳಿದರೆ ಸಿಂಧು ಹೇಳುವುದಿಲ್ಲ. ನಾವಿಬ್ಬರೂ ಕಾಯುತ್ತಿರುವಂತೆ ಅವಳಿಗೆ ತೋರದ ಹಾಗೆ ಗೋಡೆಯ ಕಡೆ ಮುಖ ಮಾಡಿ ನಿಲ್ಲುತ್ತೇವೆ. ಆ ಉತ್ತರವನ್ನು ಯಾವ ಕಾಗದದಲ್ಲಿಯೂ ಬರೆಯಬೇಕಾಗಿಲ್ಲ.

ಇದನ್ನು ನಾನೇ ಬರೆದು, ನಾನೇ ಓದಿ ನೋಡಿರುತ್ತೇನೆ. ಇದರಲ್ಲಿ ನಾನರಿತ ಸತ್ಯವಲ್ಲದೆ ಬೇರೆ ಇರುವುದಿಲ್ಲ.

ಸ್ಥಳ: ಹಿರೀಸಾವೆ
ದಿನಾಂಕ: 16-11-2025
(ಸಹಿ) ತಿಮ್ಮಪ್ಪ