ಪಿಂಗಾಣಿ ಬದಲು ಪ್ಲಾಸ್ಟಿಕ್

ಕಣ್ಣಿನ ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಒಬ್ಬ ಎಲೆಕ್ಟ್ರಿಶಿಯನ್ ಎರಡೂ ಕಣ್ಣಿಗೆ ಒದ್ದೆ ಬಟ್ಟೆ ಒತ್ತಿಕೊಂಡು ಕೂತಿದ್ದ. ಜೊತೆಯಲ್ಲಿ ಅವನ ಅಕ್ಕ ಇದ್ದಳು.

"ಮರಳು ತುಂಬಿದ ಹಾಗೆ ಉರೀತಿದೆ ಅಕ್ಕಾ."

"ನೀರಲ್ಲಿರೋ ಕ್ರಿಮಿ ಸಾಯಿಸೋ ಯುವಿ ದೀಪ ಅದು, ನಿನ್ನ ಕಣ್ಣನ್ನ ಬಿಡುತ್ತಾ? ಯಾಕೋ ಬಗ್ಗಿ ನೋಡಿದೆ?"

"ಹೋಲ್ಡರ್ ಕಾದು ಮೆತ್ತಗಾಗಿ ಜೋತುಬಿದ್ದಿತ್ತು. ತಂತಿ ಒತ್ತಿ ಹಿಡಿದ್ರೆ ಹತ್ಕೊಳ್ಳುತ್ತೆ, ಬಿಟ್ರೆ ಆರುತ್ತೆ. ಬಿಗಿ ಮಾಡೋವರೆಗೂ ಮುಖದ ಎದುರಿಗೇ ಉರೀತಿತ್ತು."

"ಸ್ವಿಚ್ ಆರಿಸಬಾರದಿತ್ತಾ?"

"ಫ್ಯಾಕ್ಟರಿಗೆ ನೀರು ನಿಲ್ಲಬಾರದು, ಹಾಗೇ ಮಾಡು ಅಂದಿದ್ದು ನಮ್ಮ ಸೂಪರ್‌ವೈಸರ್, ಭಾವ. ಕಾವು ತಡೆಯೋ ಪಿಂಗಾಣಿ ಹೋಲ್ಡರ್ ತರಿಸಿ ಅಂತ ಬೇಡ್ಕೊಂಡಾಗ ಪ್ಲಾಸ್ಟಿಕ್ ಸಾಕು ಅಂದಿದ್ದೂ ಭಾವನೇ."

ಅಕ್ಕ ದನಿ ತಗ್ಗಿಸಿದಳು.

"ಡಾಕ್ಟರ್ ಕೇಳಿದ್ರೆ... ಫ್ಯಾಕ್ಟರಿ ಮಾತು ಯಾಕೆ ಅಂತ."

"ಅಡ್ಡಗೋಡೆ ಮೇಲೆ ದೀಪ ಇಡಬೇಡ. ನೇರವಾಗಿ ಹೇಳು."

"ಮನೇಲಿ ಗೇಟಿಗೆ ವೆಲ್ಡಿಂಗ್ ಮಾಡ್ತಿದ್ದೆ ಅನ್ನು. ಇಲ್ಲಾಂದ್ರೆ ಅವರ ಕೆಲಸಕ್ಕೆ ಕುತ್ತು ಬರುತ್ತೆ."

"ಭಾವ ಹೇಳಿ ಕಳಿಸಿದ್ರಾ?"

"ನಾನೇ ಹೇಳ್ತಿದೀನಿ. ನನ್ನ ಸಂಸಾರ ಕಣೋ."

"ನನ್ನ ಕಣ್ಣು ಅಕ್ಕಾ."

ಅವನು ಒದ್ದೆ ಬಟ್ಟೆ ಮಗುಚಿ ಮತ್ತೆ ಕಣ್ಣಿಗೆ ಒತ್ತಿಕೊಂಡ.

"ಸರಿ, ಗೇಟು ಅಂತಲೇ ಹೇಳ್ತೀನಿ. ಆದ್ರೆ ಉಳಿದ ದೀಪಗಳಿಗೂ ಅದೇ ಪ್ಲಾಸ್ಟಿಕ್ ಹೋಲ್ಡರೇ ಇರೋದು. ನಾಳೆ ಅವನ್ನ ರಿಪೇರಿ ಮಾಡೋಕೆ ಯಾರ ತಮ್ಮನ್ನ ಕಳಿಸ್ತೀರಿ ಅಂತ ಭಾವನ್ನ ಕೇಳು."

ನರ್ಸ್ ಕರೆದಳು. ಅಕ್ಕ ತೋಳು ಹಿಡಿದುಕೊಂಡಳು. ಅವನು ಬಿಡಿಸಿಕೊಂಡು ಗೋಡೆ ತಡವುತ್ತ ಒಳಗೆ ನಡೆದ. ಮುಟ್ಟಲು ಧೈರ್ಯ ಸಾಲದೆ ಅವಳು ಹಿಂದೆ ಹಿಂದೆಯೇ ಹೋದಳು.