ಸೀಸದ ಕಲಾಯಿ

"ಹಲೋ... ಹಲೋ, ಯಾರ್ರೀ ಮಾತಾಡೂದು? ರಾಯಚೂರು ದವಾಖಾನಿ ಏನ್ರೀ? ನಾ ಖಾಜಾಸಾಬ್, ಲಿಂಗಸುಗೂರು ಮೋಟಾರ್ ಕಂಪನಿ ಮುನಶಿ. ಸುಭಾನಬಿ ಅಪ್ಪ... ಹಾಂ, ಡಾಕ್ಟರ್ ಸಾಹೇಬ್ರ, ನೀವ ಏನು? ಫೋನ್ ಮಾಡು ಅಂತ ನಿನ್ನೆ ಡ್ರೈವರ್ ಕೈಲಿ ಹೇಳಿ ಕಳಿಸಿದ್ರಂತ..."

ಖಾಜಾಸಾಬ ಟಪಾಲು ಕಚೇರಿಯ ಗೋಡೆಗೆ ಮೈ ಆನಿಸಿ ನಿಂತಿದ್ದ. ಎಂಟು ವರ್ಷದ ಮಗಳನ್ನು ದವಾಖಾನೆಗೆ ಸೇರಿಸಿ ನಾಲ್ಕು ದಿನವಾಗಿತ್ತು.

"ಪಾತ್ರಿ?... ತಾಮ್ರದ್ದ ರೀ, ಎಲ್ಲಾರ ಮನ್ಯಾಗ ಇರ್ತಾವಲ್ಲ... ಹಾಂ, ಕಲಾಯಿ ಹಾಕ್ಸೀವಿ. ಮಸ್ಕಿ ಬಂದೇಸಾಬ ಹಾಕ್ಯಾನ... ತವರ? ಕಲಾಯಿಗೆ ಹಾಕೂ ತವರ ಈಗ ಎಲ್ಲಿ ಸಿಗತೈತ್ರೀ? ಲಡಾಯಿ ಸುರುವಾದ ಮ್ಯಾಲೆ ಸಿಂಗಪುರದ ಕಡಿಂದ ಬರೂದ ನಿಂತೈತಿ, ಅಲ್ಲೇನ್ರೀ?..."

"ಸೀಸಾ ರೀ. ಸೀಸ ಹಾಕ್ಯಾನ. ನಾನ ಕೊಟ್ಟೀನಿ..."

ಕೊನೆಯ ಮಾತನ್ನು ಅವನು ಹೆಮ್ಮೆಯಿಂದಲೇ ಹೇಳಿದ. ಪಾಪ, ಅವನಿಗೇನು ಗೊತ್ತು!

"ಮೋಟಾರಿನ ಹಳೇ ಬ್ಯಾಟರಿ ರೀ. ಮೊದಲ ಹೈದರಾಬಾದಿನ ಕಾರ್ಖಾನಿಗೆ ವಾಪಸ್ ಕಳಸೂದಿತ್ತು. ಲಡಾಯಿಗೆ ಲಾರಿ ನಿಂತವು, ಬ್ಯಾಟರಿ ಶೆಡ್ಡಿನಾಗ ಬಿದ್ದು ಬಿದ್ದು... ಒಳಗಿನ ತೇಜಾಬು, ಅದ ಆಸಿಡ್ ನೀರು, ಹಳ್ಳಕ್ಕ ಸುರುವಿಸಿ, ಒಡಸಿ, ಸೀಸ ಬಂದೇಸಾಬಗ ಕೊಟ್ಟೆ. ಅವ ನಮ್ಮ ಪಾತ್ರಿಗೇ ಮೊದಲ ಹಾಕಿಕೊಟ್ಟ. ಬೆಳ್ಳಿ ಹಂಗ ಹೊಳಿತಿದ್ವು..."

"ವಿಷ?..."

ಡಾಕ್ಟರು ನಿಧಾನವಾಗಿ ಹೇಳುತ್ತ ಹೋದರು. ಖಾಜಾಸಾಬ ರಿಸೀವರನ್ನು ಕಿವಿಗೆ ಒತ್ತಿ ಹಿಡಿದ.

"ಹುಳಿ ತಾಕಿದ್ರ ಸೀಸ ಬಿಡತೈತಿ?... ಹೊಟ್ಟಿನೋವು, ಕೈ ಜೋತುಬಿದ್ದಿದ್ದು, ಫಿಟ್ಸು, ಎಲ್ಲಾ ಅದರಿಂದನ?... ಯಾ ಅಲ್ಲಾ! ಎಷ್ಟ ಮನಿ ಅಂತ ಏನ್ ಹೇಳ್ಲಿ? ಮಸ್ಕಿ ಊರಿಗೂರ ಹಾಕ್ಸ್ಯಾರ ರೀ. ಲಗ್ನದ ಅಡಗಿ ಮಾಡೂ ದೊಡ್ಡ ಡೇಗಿಗೂ ಸುದ್ದಾ..."

"ಸಾಹೇಬ್ರ, ನಿಲ್ರಿ! ಮುಂಜಾನಿ ಬಸ್ಸಿನಾಗ ಹುಣಸಿಹುಳಿ ಸಾರು ಕಳಿಸೀನಿ. ಅದ ಕಲಾಯಿ ಡಬ್ಬಿ. ಆಕಿಗಿ ಸಾರಂದ್ರ ಜೀವ. ನನ್ನ ಹೇಣ್ತಿ ಮಾಸುಂಬಿ ಅಲ್ಲೇ ಅದಾಳ, ತಿನಸಬ್ಯಾಡ ಅಂತ ಓಡಿ ಹೇಳ್ರಿ!..."

"ಮುಟ್ಟಿಲ್ಲ?... ಒಂದ ಗುಟುಕೂ?... ಛಲೋ ಆತು. ಅಲ್ಲಾ ದೊಡ್ಡಾವ ರೀ. ಛಲೋ ಆತು..."

ಅವನು ಕಣ್ಣು ಒರೆಸಿಕೊಂಡ. ಡಾಕ್ಟರ ಹಿಂದೆ ಯಾರೋ ಹೆಂಗಸು ಅಳುತ್ತಿರುವುದು ಕೇಳಿಸಿತು.

"ಯಾಕ ಮುಟ್ಟಿಲ್ರೀ?... ಅಳೂದು ಯಾರು, ಮಾಸುಂಬಿ ಏನು?... ಬಸ್ಸು ಬರೂದಕ್ಕಿಂತ ಮೊದಲ? ಮೊದಲ ಏನಾತ್ರೀ?... ಸಾಹೇಬ್ರ... ಹಲೋ? ಹಲೋ..."

ಲೈನು ಕಡಿಯಿತು.