ಸಾಹುಕಾರ ಬಿಚ್ಚಿ ಕೊಟ್ಟ ಬ್ರೇಕು

ನಿನ್ನೆಯ ಪ್ರವಚನದಲ್ಲಿ ದಾನದ ಮಾತು ಅರ್ಧಕ್ಕೆ ನಿಂತಿತ್ತು. ಕೊಡುವುದು ದೊಡ್ಡದು ಎಂದು ನಾನು ಹೇಳಿದೆ, ನೀವೆಲ್ಲ ತಲೆಯಾಡಿಸಿದಿರಿ. ಅಷ್ಟು ಬೇಗ ತಲೆಯಾಡಿಸಿದ್ದು ಕಂಡು ನನಗೆ ಅನುಮಾನ ಬಂತು. ಅದಕ್ಕೇ ಇವತ್ತು ಒಂದು ದೃಷ್ಟಾಂತ. ಕೇಳಿ.

ಮೆಣಸಿನಕಾಯಿ ಸೀಮೆಯಲ್ಲೊಂದು ಊರು, ಆ ಊರಿಗೊಬ್ಬ ಸಾಹುಕಾರ. ಹೆಸರು ಈರಬಸಪ್ಪ ಎಂದಿಟ್ಟುಕೊಳ್ಳಿ. ಕೆಟ್ಟವನಲ್ಲ. ನೋಡಿ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೆಟ್ಟವನ ಕಥೆಯಾದರೆ ನೀವು ನಿರಾಳವಾಗಿ ಕೇಳಿ, ಮೈ ಕೊಡವಿ ಎದ್ದು ಹೋಗುತ್ತೀರಿ. ಈರಬಸಪ್ಪ ಸೋಮವಾರ ಉಪವಾಸ ಮಾಡುತ್ತಿದ್ದ. ಮಠಕ್ಕೆ ಅಕ್ಕಿ ಕಳಿಸುತ್ತಿದ್ದ. ಊರಲ್ಲಿ ಯಾರ ಮನೆಯಲ್ಲಿ ಸಾವಾದರೂ ಹೋಗಿ ಅಂಗಳದಲ್ಲಿ ನಿಲ್ಲುತ್ತಿದ್ದ. ನಿಮ್ಮ ಹಾಗೆಯೇ ಇದ್ದ.

ಅವನ ತಂದೆ ತನ್ನ ಕಾಲದಲ್ಲಿ ಒಂದೇ ತರಹದ ಎರಡು ದೊಡ್ಡ ಕಾರು ಕೊಂಡಿದ್ದ. ಒಂದು ಮನೆಮಂದಿಗೆ, ಇನ್ನೊಂದು ವ್ಯಾಪಾರಕ್ಕೆ. ಮನೆಯ ಕಾರನ್ನು ಈರಬಸಪ್ಪ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡ. ಎಷ್ಟೋ ಹೊಸ ಕಾರುಗಳು ಬಂದವು, ಆದರೂ ಅಪ್ಪನ ಕಾರೆಂದು ಅದನ್ನು ಬಿಡಲಿಲ್ಲ. ವ್ಯಾಪಾರದ ಕಾರಿನ ಗತಿ ಬೇರೆ. ಅದರ ಹಿಂಭಾಗ ಕೊಯ್ಸಿ, ತಗಡಿನ ಮಾಡು ಹೊದಿಸಿ, ಎದುರುಬದುರಾಗಿ ಹಲಗೆ ಬಡಿಸಿದ್ದ. ಗುಡ್ಡದಾಚೆಯ ಹಳ್ಳಿಯ ಹೆಣ್ಣುಮಕ್ಕಳು ಬೆಳಿಗ್ಗೆ ಅದರಲ್ಲಿ ಬರಬೇಕು, ಸಾಹುಕಾರನ ಗೋದಾಮಿನಲ್ಲಿ ಕೂತು ಇಡೀ ದಿನ ಮೆಣಸಿನಕಾಯಿ ತೊಟ್ಟು ಮುರಿಯಬೇಕು, ಸಂಜೆ ಅದರಲ್ಲೇ ಮರಳಬೇಕು. ಆ ಕೆಲಸ ಮಾಡಿದ ಕೈಯ ಉರಿ ನಿಮಗೆ ಗೊತ್ತೇ? ಮನೆಗೆ ಹೋಗಿ ಮಗುವನ್ನು ಮುಟ್ಟುವ ಹಾಗಿಲ್ಲ. ಗೊತ್ತಿಲ್ಲದವರು ಪುಣ್ಯವಂತರು. ಸಾರಿಗೆ ಖಾರ ಮಾತ್ರ ಸರಿಯಾಗಿರಬೇಕು ನಮಗೆ.

ಒಂದು ದಿನ ಈರಬಸಪ್ಪ ಬಸುರಿ ಮಗಳನ್ನು ಬಾಣಂತನಕ್ಕೆಂದು ಗಂಡನ ಮನೆಯಿಂದ ಕರೆತರುತ್ತಿದ್ದ. ಸ್ಟೇರಿಂಗ್ ಅವನ ಕೈಯಲ್ಲೇ. ಗುಡ್ಡದ ಇಳಿಜಾರಿನಲ್ಲಿ, ತಿರುವು ದಾಟಿದ್ದೇ ತಡ, ರಸ್ತೆ ತುಂಬ ಎಮ್ಮೆಗಳು. ಬ್ರೇಕ್ ತುಳಿದ. ಕಾರು ನಿಲ್ಲಲಿಲ್ಲ. ಇನ್ನೂ ತುಳಿದ. ಕಾಲು ತಳಕ್ಕೆ ಹತ್ತಿತು, ಕಾರು ಜಾರುತ್ತಲೇ ಇತ್ತು. ಮಗಳು ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡು "ಅಪ್ಪಾ!" ಎಂದು ಕೂಗಿದಳು. ಕೊನೆಗೆ ಒಂದು ಎಮ್ಮೆಯ ಬಾಲಕ್ಕೆ ಬಂಪರ್ ತಾಗಿ ಕಾರು ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಮಗಳ ಆ ಕೂಗು ಅವನ ಕಿವಿಯಲ್ಲಿ ಕೂತುಬಿಟ್ಟಿತು. ಊಟಕ್ಕೆ ಕೂತರೆ ಕೇಳುವುದು, ಪೂಜೆಗೆ ಕೂತರೆ ಕೇಳುವುದು.

ಮರುದಿನವೇ ಕಾರನ್ನು ಗ್ಯಾರೇಜಿಗೆ ಒಯ್ದ.

"ಹಳೇ ಕಾರಲ್ರೀ, ಡಿಸ್ಕ್ ಸಣ್ಣವು. ಸವೆದು ತೆಳ್ಳಗಾಗ್ಯಾವ. ಇಳಿಜಾರಿನ್ಯಾಗ ಕಾಯ್ದವಂದ್ರ ಹಿಡಿತ ಬಿಡ್ತಾವ" ಎಂದ ಗ್ಯಾರೇಜಿನವನು.

ಚಕ್ರದ ಹಿಂದೆ ಕಬ್ಬಿಣದ ತಟ್ಟೆಯೊಂದು ಇರುತ್ತದೆ ನೋಡಿ, ಅದೇ ಡಿಸ್ಕ್. ಬ್ರೇಕ್ ತುಳಿದಾಗ ಪ್ಯಾಡುಗಳು ಎರಡೂ ಕಡೆಯಿಂದ ಅದನ್ನು ಅದುಮುತ್ತವೆ. ತಟ್ಟೆ ದೊಡ್ಡದಿದ್ದರೆ ಹಿಡಿತ ಗಟ್ಟಿ, ಬೇಗ ಕಾಯುವುದೂ ಇಲ್ಲ.

"ಹಂಗಾರ ದೊಡ್ಡವು ಹಾಕು. ಸಿಗೋದ್ರಾಗ ಚಲೋವು ಹಾಕು."

"ದೊಡ್ಡವು ಈ ಚಕ್ರದಾಗ ಕುಂದ್ರಂಗಿಲ್ರಿ. ಚಕ್ರ ಬದಲಾಗಬೇಕು, ಟೈರ್ ಬದಲಾಗಬೇಕು."

"ಬದಲ ಮಾಡು. ಕಾರಿನ್ಯಾಗ ಕುಂದ್ರೋದು ನನ್ನ ಮಗಳೋ."

ಡಿಸ್ಕ್ ದೊಡ್ಡದಾಯಿತು, ಪ್ಯಾಡ್ ದೊಡ್ಡದಾಯಿತು, ಚಕ್ರ ದೊಡ್ಡದಾಯಿತು. ತಪ್ಪೇ? ತಪ್ಪಲ್ಲ. ಮಗಳ ಮೇಲೆ ಪ್ರೀತಿ ಇದ್ದವನು ಮಾಡಲೇಬೇಕಾದ್ದು. ಕಾರು ಈಗ ಕಾಲಿಟ್ಟರೆ ನಿಲ್ಲುತ್ತಿತ್ತು. ಸಿಕ್ಕವರನ್ನೆಲ್ಲ ಹತ್ತಿಸಿಕೊಂಡು, ಜೋರಾಗಿ ಓಡಿಸಿ, ಗಕ್ಕನೆ ನಿಲ್ಲಿಸಿ, "ಹೆಂಗೈತಿ?" ಎಂದು ಕೇಳುವುದೇ ಅವನಿಗೆ ಆನಂದ.

ಹೆಂಗಸರನ್ನು ತರುವ ಕೂಲಿಗಾಡಿಯ ಡ್ರೈವರ್ ಫಕೀರಪ್ಪ ಇದನ್ನು ನೋಡಿದ. ಬಹಳ ದಿನದಿಂದ ನಾಲಿಗೆ ತುದಿಯಲ್ಲಿದ್ದ ಮಾತನ್ನು ಹೇಳಲು ಇದೇ ಸಮಯ ಎಂದುಕೊಂಡು ಬಂದು ನಿಂತ.

"ಸಾಹುಕಾರ್ರ, ನಮ್ಮ ಗಾಡಿ ಬ್ರೇಕೂ ತಳಕ್ಕ ಹೊಂಟೈತ್ರಿ. ಎರಡ ಸಲ ತುಳಿದ್ರ ಒಂದ ಸಲ ಹಿಡಿತೈತಿ. ಹಿಂದ ಹೆಣಮಕ್ಳು ಇರ್ತಾರ್ರಿ."

ಈರಬಸಪ್ಪ ಸಿಟ್ಟಾಗಲಿಲ್ಲ. ನಾಳೆ ನೋಡೋಣ ಎಂದು ಸಾಗಹಾಕಲೂ ಇಲ್ಲ. ಅವನ ಮುಖ ಅರಳಿತು! ಗ್ಯಾರೇಜಿನ ಮೂಲೆಯಲ್ಲಿ ತನ್ನ ಕಾರಿನಿಂದ ಬಿಚ್ಚಿದ ಹಳೆಯ ಡಿಸ್ಕು, ಪ್ಯಾಡು ಬಿದ್ದಿದ್ದು ನೆನಪಾಯಿತು. ಎರಡೂ ಒಂದೇ ತರಹದ ಗಾಡಿ, ಸರಿಯಾಗಿ ಕೂರುತ್ತವೆ.

ಗ್ಯಾರೇಜಿನವನು ತಲೆ ಕೆರೆದುಕೊಂಡ. "ತುಂಬಿದ ಗಾಡಿಗಿ ಇವು ತಾಳ್ತಾವೇನ್ರಿ?"

"ಈಗ ಅದರಾಗ ಇರೋವಕ್ಕಿಂತ ಚಲೋ ಅದಾವೋ ಇಲ್ಲೋ?"

"ಅವಕ್ಕಿಂತ ಚಲೋ ಅದಾವ್ರಿ."

"ಮತ್ತ? ಹಾಕು."

ತಾಳುವುದಿಲ್ಲವೆಂದು ಗ್ಯಾರೇಜಿನವನಿಗೆ ಗೊತ್ತಿತ್ತು. ಗೊತ್ತಿದ್ದೂ ಹಾಕಿದ. ದೊಡ್ಡ ಗಿರಾಕಿಯ ಮಾತು ಮೀರುವವರು ಯಾರು?

ಆ ಸಂಜೆ ಗೋದಾಮಿನ ಹೆಂಗಸರಲ್ಲಿ ಹಿರಿಯಳಾದ ದ್ಯಾಮವ್ವ ಬಂದು ಕೈ ಮುಗಿದಳು. "ನಿಮ್ಮ ಕಾರಿನ ಸಾಮಾನ ಬಿಚ್ಚಿ ನಮ್ಮ ಗಾಡಿಗೆ ಕೊಟ್ರಂತಲ್ರಿ. ನಿಮ್ಮ ಹೊಟ್ಟಿ ತಣ್ಣಗಿರ್ಲಿ." ಈರಬಸಪ್ಪನ ಎದೆ ತುಂಬಿ ಬಂತು. ಮನೆಗೆ ಹೋಗಿ ಹೆಂಡತಿ ಸುವರ್ಣಾಗೆ ಹೇಳಿದ.

ಆಕೆ ಕೇಳಿದಳು: "ಗುಡ್ಡದ ಮ್ಯಾಲೆ ಕೈಕೊಟ್ಟಿದ್ದು ಅವೇ ಬ್ರೇಕ್ ಅಲ್ರೀ?"

"ಅವರಿಗೆ ರೂಢಿ ಐತಿ ಬಿಡ" ಎಂದ ಈರಬಸಪ್ಪ.

ರೂಢಿ! ನೋಡಿ, ಈ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಸಾಯುವುದು ಯಾರಿಗೆ ರೂಢಿ? ಮಗಳು ಹೊಟ್ಟೆ ಹಿಡಿದು ಕೂಗಿದ್ದನ್ನು ಕೇಳಿದವನು, ಆ ಹೆದರಿಕೆ ಎಂಥದ್ದೆಂದು ತನ್ನ ಕಾಲಲ್ಲೇ ಅರಿತವನು, ಆ ಹೆದರಿಕೆಯನ್ನು ಬಿಚ್ಚಿ, ಒರೆಸಿ, ಬೇರೆಯವರ ಗಾಡಿಗೆ ಜೋಡಿಸಿಕೊಟ್ಟ. ಕೊಟ್ಟು ಕೈ ಮುಗಿಸಿಕೊಂಡ.

ಮುಂದೆ ನಡೆದದ್ದು ಕೇಳಿ. ಒಂದು ಸಂಜೆ ಈರಬಸಪ್ಪನೂ ಸುವರ್ಣಾಳೂ ಗುಡ್ಡದಾಚೆಯ ಮಠಕ್ಕೆ ಪ್ರವಚನ ಕೇಳಲು ಹೊರಟಿದ್ದರು. ಹೌದು, ಪ್ರವಚನ ಕೇಳಲು, ಇಂಥದ್ದೇ! ಮುಂದೆ ಕೂಲಿಗಾಡಿ ಹೋಗುತ್ತಿತ್ತು. ಹಲಗೆಯ ಮೇಲೆ ಹೆಂಗಸರು ಒಬ್ಬರಿಗೊಬ್ಬರು ಒತ್ತಿಕೊಂಡು ಕೂತಿದ್ದರು. ಸಾಹುಕಾರನ ಕಾರು ಕಂಡು ದ್ಯಾಮವ್ವ ಸೆರಗು ಸರಿಮಾಡಿಕೊಂಡಳು. ಇಳಿಜಾರು ಶುರುವಾಯಿತು. ತಿರುವಿನಾಚೆ ಮೇವು ಹೇರಿದ ಬಂಡಿಯೊಂದು ರಸ್ತೆಗೆ ಅಡ್ಡವಾಗಿ ತಿರುಗುತ್ತಿತ್ತು.

ಕೂಲಿಗಾಡಿಯ ಹಿಂದಿನ ಕೆಂಪು ದೀಪ ಹತ್ತಿತು. ಫಕೀರಪ್ಪ ಬ್ರೇಕ್ ತುಳಿದಿದ್ದ. ದೀಪ ಹತ್ತಿಕೊಂಡೇ ಇತ್ತು, ಗಾಡಿ ಓಡುತ್ತಲೇ ಇತ್ತು. ದೀಪ ಆರಿತು, ಮತ್ತೆ ಹತ್ತಿತು. ಈರಬಸಪ್ಪ ನೋಡಿದ. ಪಕ್ಕದಲ್ಲಿ ಸುವರ್ಣಾ ನೋಡಿದಳು. ಬಂಡಿಯವನನ್ನು ಉಳಿಸಲು ಫಕೀರಪ್ಪ ಗಾಡಿಯನ್ನು ಬದಿಗೆ ಎಳೆದ. ಗಾಡಿ ಹಳ್ಳಕ್ಕೆ ನುಗ್ಗಿ, ಮಗ್ಗುಲಾಗಿ, ತಗಡಿನ ಮಾಡು ಕೆಳಗಾಗಿ ಬಿತ್ತು.

ಈರಬಸಪ್ಪ ಬ್ರೇಕ್ ತುಳಿದ. ಕಾರು ನಿಂತಿತು. ಎಷ್ಟು ಚೆನ್ನಾಗಿ ನಿಂತಿತು ಅಂತೀರಿ! ಸುವರ್ಣಾಳ ಮಡಿಲಲ್ಲಿದ್ದ ಹೂವಿನ ಬುಟ್ಟಿ ಕೂಡ ಅಲುಗಲಿಲ್ಲ.

ಉಳಿದವರು ಸಣ್ಣಪುಟ್ಟ ಗಾಯದಲ್ಲಿ ಪಾರಾದರು, ದ್ಯಾಮವ್ವನಿಗೆ ಮಾತ್ರ ಜೋರಾಗಿ ಪೆಟ್ಟಾಗಿತ್ತು. ಆಕೆಯನ್ನು ಎತ್ತಿ ಸಾಹುಕಾರನ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿದರು. ಸುವರ್ಣಾ ಆಕೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಈರಬಸಪ್ಪ ಆಸ್ಪತ್ರೆಯತ್ತ ಕಾರು ಓಡಿಸಿದ. ದಾರಿಯಲ್ಲಿ ದ್ಯಾಮವ್ವ ತನ್ನ ಸೆರಗನ್ನು ಎಳೆದು ಎಳೆದು ಬೆನ್ನಡಿಗೆ ಸೇರಿಸಲು ನೋಡುತ್ತಿದ್ದಳು.

"ಏನ್ ಬೇಕವ್ವ?" ಎಂದಳು ಸುವರ್ಣಾ.

"ಸೀಟ್ ಹೊಲಸಾಗತೈತ್ರಿ ಅವ್ವಾರ."

ಅದೇ ಆಕೆಯ ಕೊನೆಯ ಮಾತು. ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಯಿತು.

ಮುಂದಿನದು ಇನ್ನೂ ಕಹಿ. ಆಸ್ಪತ್ರೆಗೆ ಪೊಲೀಸರು ಬಂದರು. "ಗಾಡಿ ಬ್ರೇಕ್ ಸರಿ ಇತ್ತೇನ್ರಿ?" ಎಂದು ಕೇಳಿದರು. ಈರಬಸಪ್ಪ ಹೇಳಿದ: "ಮೊನ್ನೆ ಮೊನ್ನೆ ಬದಲ ಮಾಡಿಸೀನ್ರಿ. ಗ್ಯಾರೇಜಿನವನ್ನ ಕೇಳ್ರಿ." ಗ್ಯಾರೇಜಿನವನು ಹೌದೆಂದ. ಇದರಲ್ಲಿ ಒಂದು ಅಕ್ಷರ ಸುಳ್ಳಿದೆಯೇ? ಇಲ್ಲ. ಸುಳ್ಳು ಹೇಳದೆಯೇ ಮನುಷ್ಯ ಎಷ್ಟು ದೂರ ಹೋಗಬಲ್ಲ ನೋಡಿ! ಆದರೆ ಅಲ್ಲಿಗೇ ಮುಗಿಯಲಿಲ್ಲ.

ಫಕೀರಪ್ಪ ತಲೆಗೆ ಪಟ್ಟಿ ಸುತ್ತಿಕೊಂಡು ಮೂಲೆಯಲ್ಲಿ ಕೂತಿದ್ದ. "ನಾ ಬ್ರೇಕ್ ತುಳಿದ್ನಿರಿ ಸಾಹುಕಾರ್ರ. ನೀವ ಹಿಂದ ಇದ್ರಲ್ಲ, ಲೈಟ್ ಹತ್ತಿದ್ದು ನೋಡೀರಿ. ಹೇಳ್ರಿ ನೀವ" ಎಂದ.

ಪೊಲೀಸಿನವನು ಈರಬಸಪ್ಪನ ಮುಖ ನೋಡಿದ.

"ಧೂಳ ಎದ್ದಿತ್ರಿ. ಕಾಣಲಿಲ್ಲ" ಎಂದ ಈರಬಸಪ್ಪ.

ಬೇಜವಾಬ್ದಾರಿಯಿಂದ ಗಾಡಿ ಓಡಿಸಿದನೆಂದು ಫಕೀರಪ್ಪನಿಗೆ ಜೈಲಾಯಿತು. ಅವನ ಮನೆಯವರು ಊರು ಬಿಟ್ಟರು.

ಮನೆಗೆ ಬಂದ ಮೇಲೆ ಸುವರ್ಣಾ ಅಂದಳು: "ಲೈಟ್ ಹತ್ತಿದ್ದು ನಾನೂ ನೋಡೀನಿ."

"ನಿನ್ನ ಯಾರ್ ಕೇಳ್ಯಾರ?" ಎಂದ ಗಂಡ. ಒಳಗೆ ಮಗಳು ಮಲಗಿದ್ದಳು, ಇವತ್ತೋ ನಾಳೆಯೋ ಹೆರಿಗೆ. ಸುವರ್ಣಾ ಬಾಯಿ ಮುಚ್ಚಿಕೊಂಡಳು. ಮುಚ್ಚಿದ ಬಾಯಿ ಮುಚ್ಚಿಯೇ ಉಳಿಯಿತು. ಆದರೆ ಆ ಕಾರನ್ನು ಆಕೆ ಮತ್ತೆ ಹತ್ತಲಿಲ್ಲ. ತವರಿಗೆ ಬಸ್ಸಿನಲ್ಲಿ ಹೋದಳು, ಗುಡಿಗೆ ನಡೆದು ಹೋದಳು. ಮೊಮ್ಮಗ ಹುಟ್ಟಿದಾಗ ಅವನನ್ನು ಎದೆಗವಚಿಕೊಂಡು ಆಸ್ಪತ್ರೆಯಿಂದ ಮನೆಗೆ ಬಂದದ್ದೂ ಆಟೋದಲ್ಲಿ. ಹಿಂದೆ ಹಿಂದೆ ಖಾಲಿ ಕಾರು ಓಡಿಸಿಕೊಂಡು ಈರಬಸಪ್ಪ ಒಬ್ಬನೇ ಬಂದ. ಹೆಂಡತಿ ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಆಕೆ ಬೈಯಲಿಲ್ಲ.

ಊರೇನು ಮಾಡಿತು? ಊರು ಅವನನ್ನು ಕರೆದು ಶಾಲು ಹೊದಿಸಿತು! ಗಾಯಾಳುವನ್ನು ಸ್ವಂತ ಕಾರಿನಲ್ಲಿ ಸಾಗಿಸಿದ ದೊಡ್ಡ ಮನಸ್ಸು ಎಂದು ವರ್ತಕರ ಸಂಘದವರು ಭಾಷಣ ಮಾಡಿದರು. ದ್ಯಾಮವ್ವನ ಸೊಸೆಗೆ ಈರಬಸಪ್ಪ ಅದೇ ಗೋದಾಮಿನಲ್ಲಿ, ಅದೇ ಜಾಗದಲ್ಲಿ, ತೊಟ್ಟು ಮುರಿಯುವ ಕೆಲಸ ಕೊಟ್ಟ. ಅದಕ್ಕೂ ಹೊಗಳಿದರು. ಎಷ್ಟೋ ಕಾಲದ ಮೇಲೆ ಫಕೀರಪ್ಪ ಬಿಡುಗಡೆಯಾಗಿ ಬಂದ. ಯಾರೂ ಅವನ ಕೈಗೆ ಗಾಡಿ ಕೊಡಲಿಲ್ಲ. ಮಾರುಕಟ್ಟೆಯಲ್ಲಿ ಚೀಲ ಹೊತ್ತ. ಒಂದು ದಿನ ಸಾಹುಕಾರ ಎದುರಾದಾಗ ಚೀಲ ಕೆಳಗಿಳಿಸಿ, ಎಂದಿನಂತೆ, "ಶರಣ್ರಿ ಸಾಹುಕಾರ್ರ" ಎಂದ. ಈರಬಸಪ್ಪ ಸತ್ಯ ಹೇಳಿದನೇ? ಇಲ್ಲ. ಪಶ್ಚಾತ್ತಾಪ ಪಟ್ಟು ಹಿಮಾಲಯಕ್ಕೆ ಹೋದನೇ? ಇಲ್ಲ. ಉಂಡ, ಮಲಗಿದ, ಮುಪ್ಪಾದ. ಇಷ್ಟೇ ಕಥೆ.

ಏನು, ಬೇಸರವಾಯಿತೇ? ಕೊನೆಗೆ ದೇವರು ಅವನಿಗೆ ಶಿಕ್ಷೆ ಕೊಡಲಿ ಎಂದು ಕಾಯುತ್ತಿದ್ದಿರಾ? ನನಗೆ ನಿಮ್ಮ ಮುಖ ಕಾಣುತ್ತಿದೆ. ಅವನನ್ನು ಬೈಯುತ್ತ ಕೂತಿದ್ದೀರಿ. ಬೈಯುವುದು ಬಿಡಿ. ನಿಮ್ಮ ಮನೆಯೊಳಗೆ ಹೋಗೋಣ ಬನ್ನಿ.

ಮನೆಗೆಲಸದ ಹೆಂಗಸಿಗೆ ಕೊಟ್ಟ ಸಾರು ನಿನ್ನೆಯದೋ ಮೊನ್ನೆಯದೋ? ನಿಮ್ಮ ಮಗುವಿಗೆ ಉಣಿಸುತ್ತಿದ್ದಿರಾ ಅದನ್ನು? ನೀವು ಗಟ್ಟಿ ಹೆಲ್ಮೆಟ್ ಹಾಕಿಕೊಂಡು, ಹಿಂದೆ ಕೂರುವ ಆಳಿಗೆ ಬಿರುಕು ಬಿಟ್ಟದ್ದು ಕೊಟ್ಟಿದ್ದೀರಲ್ಲ, ಯಾಕೆ? ಶಾಕ್ ಹೊಡೆಯುತ್ತದೆ ಎಂದು ನಿಮ್ಮ ಕೋಣೆಯಿಂದ ತೆಗೆಸಿದ ಫ್ಯಾನು ಈಗ ಯಾರ ತಲೆಯ ಮೇಲೆ ತಿರುಗುತ್ತಿದೆ? "ಅವರಲ್ಲಿ ಇರೋದಕ್ಕಿಂತ ಚೆನ್ನಾಗಿದೆ" ಅನ್ನುತ್ತೀರಿ. "ರೂಢಿ ಇದೆ" ಅನ್ನುತ್ತೀರಿ. ಹಾಗೆಂದು ಕೊಟ್ಟು, ಅದಕ್ಕೆ ದಾನ ಎಂದು ಹೆಸರಿಟ್ಟು, ಇಲ್ಲಿ ಬಂದು ನನ್ನ ಮುಂದೆ ತಲೆಯಾಡಿಸುತ್ತೀರಿ.

ನಿಮಗೆ ಹೆದರಿಕೆ ತಂದ ವಸ್ತುವನ್ನು ಇನ್ನೊಬ್ಬರಿಗೆ ಕೊಡಬೇಡಿ. ಮುರಿದುಹಾಕಿ, ಗುಜರಿಗೆ ಎಸೆಯಿರಿ, ಕೊಡಬೇಡಿ. ಕೊಡಲೇಬೇಕೆಂದರೆ ಮೊದಲು ನೀವು ಅದನ್ನು ತಿನ್ನಿ, ನೀವು ತೊಡಿ, ನಿಮ್ಮ ಮಗಳನ್ನು ಅದರಲ್ಲಿ ಕೂರಿಸಿ. ಮನಸ್ಸು ಒಪ್ಪಿದರೆ ಕೊಡಿ. ಇನ್ನು ಕಂಡದ್ದನ್ನು ಕಂಡೆ ಎನ್ನಿ. ನಿಮ್ಮ ಒಂದು ಮಾತಿನಿಂದ ಒಬ್ಬ ಬಡವ ಉಳಿಯುವ ಹೊತ್ತಿನಲ್ಲಿ ಧೂಳಿನ ಮೇಲೆ ಹಾಕಬೇಡಿ. ಯಾರೂ ಕೇಳಲಿಲ್ಲ ಎಂದು ತಾಯಂದಿರೂ ಸುಮ್ಮನಿರಬೇಡಿ. ಕೇಳದಿದ್ದರೆ ನೀವೇ ಎದ್ದು ಹೋಗಿ ಹೇಳಿ.

ನಾಳೆಯಿಂದ ಮಾಡುತ್ತೇವೆ ಎನ್ನಬೇಡಿ. ಈ ಮಂಟಪದ ಹೊರಗೆ ನಿಮ್ಮ ಗಾಡಿಗಳು ನಿಂತಿವೆ. ಅವುಗಳನ್ನು ಓಡಿಸಿಕೊಂಡು ಬಂದವರು, ನಿಮ್ಮ ಟ್ರ್ಯಾಕ್ಟರಿನಲ್ಲಿ ಬಂದ ಆಳುಗಳು, ಬಿಸಿಲಲ್ಲಿ ಚಪ್ಪಲಿ ಕಾಯುತ್ತ ಕೂತಿದ್ದಾರೆ. ಎದ್ದು ಹೋಗಿ ಅವರನ್ನು ಒಳಗೆ ಕರೆತನ್ನಿ, ನಿಮ್ಮ ಪಕ್ಕದಲ್ಲಿ ಕೂರಿಸಿಕೊಳ್ಳಿ. ಗಾಡಿಯಲ್ಲಿ ಏನು ಕೆಟ್ಟಿದೆ ಎಂದು ಕೇಳಿ. ಅವರು ಹೆದರದೆ ಹೇಳುವವರೆಗೂ ಕೇಳಿ.

ಹೋಗಿ. ಅವರು ಬಂದು ಕೂರಲಿ. ಅಲ್ಲಿಯವರೆಗೆ ನಾನು ಬಾಯಿ ತೆರೆಯುವುದಿಲ್ಲ.